ಮೈನಸ್ ಆರು ಅಡಿ ನೀರು

ಶಹಾಪುರದ ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ ನಮ್ಮ ವಿಭಾಗದ ಮುಖ್ಯಸ್ಥರಿಗೆ ಗಣಿತದ ಸಾಫ್ಟ್‌ವೇರಿನ ಹುಚ್ಚು ಹತ್ತಿತು. ಸುತ್ತಲಿನ ಉಪನ್ಯಾಸಕರನ್ನು ಕರೆದು ಒಂದು ತರಬೇತಿ ಇಟ್ಟರು. ನೀರಾವರಿ ಕಚೇರಿಗಳಿರುವ ಭೀಮರಾಯನಗುಡಿಯ ಕಡೆಯಿಂದಲೂ ಜನ ಬರುತ್ತಾರೆಂದು ಕಾಲುವೆಯ ಲೆಕ್ಕವನ್ನೇ ಆರಿಸಿಕೊಂಡರು: ಇಷ್ಟು ನೀರು ಹಿಡಿಯಲು ಆಳ ಎಷ್ಟಿರಬೇಕು?

ವಿಧಾನ ಸರಳ. ಒಂದು ಆಳ ಊಹಿಸಬೇಕು. ಅಲ್ಲಿ ಇಳಿಜಾರು, ಅಂದರೆ ಡೆರಿವೇಟಿವ್, ಎಷ್ಟಿದೆ ನೋಡಿ ಇನ್ನೂ ಒಳ್ಳೆಯ ಊಹೆಗೆ ಹೋಗಬೇಕು. ಉತ್ತರ ನಿಲ್ಲುವ ತನಕ ಕಂಪ್ಯೂಟರ್ ಇದನ್ನೇ ಮಾಡುತ್ತದೆ. ಡೆರಿವೇಟಿವ್‌ನ ಸೂತ್ರವನ್ನು ಮಾತ್ರ ನಾವೇ ಟೈಪು ಮಾಡಿ ಕೊಡಬೇಕು.

ತರಬೇತಿಯ ಹಿಂದಿನ ದಿನ ಮಾಡಿ ನೋಡಿದರೆ ಆಳ ಮೈನಸ್ ಆರು ಅಡಿ ಬಂತು. ಸಾಹೇಬರು ಮೊದಲು ಕರೆಂಟನ್ನು ಬೈದರು, ಆಮೇಲೆ ಕಂಪ್ಯೂಟರನ್ನು, ಕೊನೆಗೆ ಸಾಫ್ಟ್‌ವೇರ್ ಮಾಡಿದವರನ್ನು. ಬೈಯದೆ ಉಳಿದದ್ದು ತಾವು ಟೈಪು ಮಾಡಿದ ಸೂತ್ರವೊಂದನ್ನೇ.

"ಸರ್, ಆಳ ಹೆಚ್ಚಾದ್ರ ನೀರೂ ಹೆಚ್ಚು ಹಿಡೀತದ," ಎಂದೆ. "ಅಂದ್ರ ಡೆರಿವೇಟಿವ್ ಪ್ಲಸ್ ಇರಬೇಕ್ರಿ. ನಿಮ್ಮದು ಮೈನಸ್ ಬರಾಕತ್ತದ. ಆಳ ಒಂಚೂರು ಹೆಚ್ಚು ಮಾಡಿ ತಾಳೆ ನೋಡ್ರಿ."

"ಮೇಡಂ, ನೀವು ಕಾಲೇಜ್ ಮೆಟ್ಟಲಾ ಹತ್ತೋಕಿಂತ ಮೊದ್ಲ ನಾ ಡೆರಿವೇಟಿವ್ ಕಲಸಾಕತ್ತೀನಿ," ಎಂದರು. ಕಲಿಸುವುದಕ್ಕೂ ವಿಷಯ ಬರುವುದಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮರುದಿನ ತುಂಬಿದ ಸಭೆಯಲ್ಲಿ ಪರದೆಯ ಮೇಲೆ ಮತ್ತೆ ಅದೇ ಮೈನಸ್ ಆರು. ಸುರಪುರದಿಂದ ಬಂದಿದ್ದ ಉಪನ್ಯಾಸಕರೊಬ್ಬರು ಕೇಳಿದರು, "ಸರ್, ನೀರು ಮೈನಸ್ ಹ್ಯಾಂಗ ಆಗ್ತದರಿ?"

ಸಾಹೇಬರು ಕಣ್ಣು ಸಹ ಮಿಟುಕಿಸಲಿಲ್ಲ. "ಕಾಲುವಿ ತಳದಾಗ ಇಂಗಿದ ನೀರ್ರಿ ಅದು."

ಅರ್ಧ ಸಭೆ ಅದನ್ನು ಬರೆದುಕೊಂಡಿತು. ಸಂಬಳ ತೆಗೆದುಕೊಂಡು ಗಣಿತ ಹೇಳುವ ಜನ, ನೆಲದಡಿಯ ನೀರನ್ನು ತಲೆ ಬಗ್ಗಿಸಿ ಬರೆದುಕೊಂಡರು. ನನಗೆ ಕೂರಲಾಗಲಿಲ್ಲ. ಎದ್ದು ಹೋಗಿ ಅವರ ಸೂತ್ರದಲ್ಲಿ ಕಳೆಯುವ ಚಿಹ್ನೆ ಇದ್ದಲ್ಲಿ ಕೂಡುವ ಚಿಹ್ನೆ ಹಾಕಿ ಮತ್ತೆ ಓಡಿಸಿದೆ. ಎರಡು ಅಡಿ ಬಂತು.

ಸಾಹೇಬರು ನಗುತ್ತ ಮೈಕು ಹಿಡಿದರು. "ನೋಡಿದ್ರಲ್ಲ, ತಪ್ಪು ಹ್ಯಾಂಗ ಹುಡುಕಬೇಕಂತ ತೋರಸಾಕ ನಾನಾ ಬೇಕಂತಲೇ ತಪ್ಪು ಹಾಕಿದ್ದೆ. ನಮ್ಮ ಮೇಡಂ ಸರಿಯಾಗಿ ಹಿಡದ್ರು."

ಜೋರು ಚಪ್ಪಾಳೆ. ನಾನು ಹೊರಗೆ ಹೋಗಿ ಆರಿದ ಚಹಾ ಕುಡಿದೆ.

ಈಗ ಅವರು ಯಾದಗಿರಿಯವರೆಗೂ ಹೋಗಿ ಉಪನ್ಯಾಸ ಕೊಡುತ್ತಾರೆ. ವಿಷಯ, ಸಾಫ್ಟ್‌ವೇರಿನಲ್ಲಿ ದೋಷ ಹುಡುಕುವ ಬಗೆ.