ಭಾನುವಾರದ ತನಕ

ಅಜ್ಜಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಪಪ್ಪನಿಗೆ ಗೊತ್ತಿರಲಿಲ್ಲ. ದುಬೈ ಸಿಲಿಕಾನ್ ಓಯಸಿಸ್‌ನ ನಮ್ಮ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿ, ಊಟದ ಮೇಜಿನ ಆಚೆ ಬದಿ ಅವರು, ಈಚೆ ಬದಿ ನಾನು, ಲಾಗರಿದಮ್ ಮಾಡುತ್ತಾ ಕೂತಿದ್ದೆವು. ಭಾನುವಾರ ನನ್ನ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ. ಅಲ್ಲಿಯ ತನಕ ಮನೆಯಲ್ಲಿ ಯಾರೂ ಏನೂ ಹೇಳುವ ಹಾಗಿರಲಿಲ್ಲ.

ಪಪ್ಪನ ಪಾಠ ಹೇಗಿರುತ್ತಿತ್ತು ಎಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಆ ವಾರ ಎಷ್ಟು ವಿಚಿತ್ರವಾಗಿತ್ತು ಎಂದು ತಿಳಿಯುವುದಿಲ್ಲ. ಅವರು ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ಸಂಜೆ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಬಂದು, ಮುಖ ತೊಳೆದು, ಚಾ ಕುಡಿದು ನನ್ನ ಪುಸ್ತಕ ತೆರೆಯುತ್ತಿದ್ದರು. ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಹಾಗಾಗಿ ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತ ಮನೆಯಾದರೂ ಗಣಿತ ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು. ನಾನು ಡಿನಾಮಿನೇಟರ್ ಅಂದರೆ ಅವರು ಛೇದ ಅನ್ನುತ್ತಿದ್ದರು. ನಾನು ಸ್ಕ್ವೇರ್ ರೂಟ್ ಅಂದರೆ ಅವರು ವರ್ಗಮೂಲ. ಊಟ, ಮುದ್ದು, ಪ್ರಾರ್ಥನೆ ಎಲ್ಲ ಕೊಂಕಣಿಯಲ್ಲಿ. ಲೆಕ್ಕ ಮತ್ತು ಬೈಗುಳ ಕನ್ನಡದಲ್ಲಿ.

ಬೈಗುಳಕ್ಕೆ ಬರಗಾಲ ಇರಲಿಲ್ಲ. "ಬುಡವೇ ಗಟ್ಟಿ ಇಲ್ಲ, ಮೇಲೆ ಎಂತ ಕಟ್ತೀ ಮಾರಾಯ್ತಿ ನೀನು? ಸೈನ್ ಅಂದ್ರೆ ಎಂತ? ಅದನ್ನು ಹೇಳು ಮೊದ್ಲು!" ಎಂದು ಅವರು ಕೂಗಿದರೆ ಕಾರಿಡಾರಿನ ತುದಿಯ ಲಿಫ್ಟಿನವರೆಗೂ ಕೇಳುತ್ತಿತ್ತು. ಎದುರು ಫ್ಲಾಟಿನ ಆಂಟಿ, ನಮ್ಮ ಕಡೆಯವರೇ, ಬ್ಯಾರಿ ಮುಸ್ಲಿಮರು, ಒಮ್ಮೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದ್ದರು, "ನಿಮ್ಮ ಮನೇಲಿ ಎಂತ ಮಗಾ, ದಿನಾ ಅಷ್ಟು ದೊಡ್ಡ ಜಗಳ?"

"ಜಗಳ ಅಲ್ಲ ಆಂಟಿ, ಟ್ರಿಗೊನೊಮೆಟ್ರಿ," ಎಂದಿದ್ದೆ.

ಕೊನೆಯ ವಾರ ಹೊಸ ಲೆಕ್ಕ ಮುಟ್ಟಬಾರದು, ಬುಡ ಮಾತ್ರ ಗಟ್ಟಿ ಮಾಡಬೇಕು ಎಂಬುದು ಪಪ್ಪನ ಯೋಜನೆ. ವರ್ಗ ಸಮೀಕರಣ, ಲಾಗರಿದಮ್, ಸರಳ ರೇಖೆ, ಸಂಭವನೀಯತೆ. ಎಲ್ಲ ನನಗೆ ಅರ್ಧಂಬರ್ಧ ಬರುತ್ತಿದ್ದ ವಿಷಯಗಳೇ. ಸೂತ್ರ ನೆನಪಿದ್ದರೆ ಯಾವಾಗ ಹಾಕಬೇಕೆಂದು ತಿಳಿಯುತ್ತಿರಲಿಲ್ಲ, ಅದು ತಿಳಿದರೆ ಸೂತ್ರ ಮರೆತಿರುತ್ತಿತ್ತು. ಗಣಿತದಲ್ಲಿ ನಾನು ದಾಟುವುದಿಲ್ಲ ಎಂದು ನನಗೆ ಖಾತ್ರಿ ಇತ್ತು. ದಾಟುತ್ತೇನೆ ಎಂದು ನಂಬಿದ್ದವರು ಇಬ್ಬರೇ, ಪಪ್ಪ ಮತ್ತು ಅಜ್ಜಿ. ಅಜ್ಜಿಗಂತೂ ಗಣಿತ ಎಂದರೆ ಮಗ್ಗಿ.

ಅಜ್ಜಿ ಅಂದರೆ ಪಪ್ಪನ ಅಮ್ಮ. ನನ್ನನ್ನು ಸಾಕಿದ್ದು ಅವಳೇ. ಮಮ್ಮಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ನಾನು ಹುಟ್ಟಿದಾಗ ಪಪ್ಪ, ಮಮ್ಮಿ ಇನ್ನೊಂದು ಕುಟುಂಬದ ಜೊತೆ ಫ್ಲಾಟ್ ಹಂಚಿಕೊಂಡು ಒಂದೇ ಕೋಣೆಯಲ್ಲಿದ್ದರು. ಮಗುವಿಗೆ ಅಲ್ಲಿ ಜಾಗ ಎಲ್ಲಿಂದ? ಮಂಗಳೂರಿನ ಹತ್ತಿರ ಊರಲ್ಲಿ ಅಜ್ಜಿಯ ಜೊತೆ ಬೆಳೆದೆ. ಅಕ್ಷರ ಕಲಿತದ್ದು, ಬೆಲ್ಲ ಕದ್ದು ತಿಂದದ್ದು, ಪೆಟ್ಟು ತಿಂದದ್ದು ಎಲ್ಲ ಅವಳ ಕೈಯಲ್ಲೇ. ಎರಡನೇ ಕ್ಲಾಸಿಗೆ ದುಬೈಗೆ ಬಂದಾಗ ಮಮ್ಮಿಯನ್ನು ಸ್ವಲ್ಪ ಸಮಯ ಆಂಟಿ ಎಂದು ಕರೆದಿದ್ದೆನಂತೆ. ಮಮ್ಮಿ ಇವತ್ತಿಗೂ ಅದನ್ನು ನಗುತ್ತಾ ಹೇಳುತ್ತಾರೆ, ಆದರೆ ಪೂರ್ತಿ ನಗುವುದಿಲ್ಲ.

ಪರೀಕ್ಷೆಗೆ ಸ್ವಲ್ಪ ಮೊದಲು ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನರ್ಸ್ ಅಲ್ವಾ ಎಂದು ಮಮ್ಮಿಯೇ ರಜೆ ಹಾಕಿ ಹೋದರು. ನಾನೂ ಬರುತ್ತೇನೆ ಎಂದು ಫೋನಿನಲ್ಲಿ ಅತ್ತಾಗ ಅಜ್ಜಿ ಆಸ್ಪತ್ರೆಯ ಮಂಚದಿಂದಲೇ ಗದರಿದ್ದಳು. "ಪರೀಕ್ಷೆ ಮುಗಿಸಿಯೇ ಬಾ. ಮೊದ್ಲೇ ಓಡಿ ಬಂದ್ರೆ ಬೆತ್ತ ತೆಗಿತೇನೆ, ನೋಡು." ಅದು ನಾನು ಕೇಳಿದ ಅವಳ ಕೊನೆಯ ಮಾತು.

ಬುಧವಾರ ಮಧ್ಯಾಹ್ನ ಎದುರು ಮನೆ ಆಂಟಿ ಬೆಲ್ ಮಾಡಿದರು. ಪಪ್ಪ ಆಫೀಸಿನಲ್ಲಿದ್ದರು, ನಾನು ಓದುವ ರಜೆಯಲ್ಲಿ ಒಬ್ಬಳೇ. ಆಂಟಿ ಶುಕ್ರವಾರಕ್ಕೊಮ್ಮೆ ಬಿರಿಯಾನಿ ತರುವವರು. ಅವತ್ತು ಕೈಯಲ್ಲಿದ್ದದ್ದು ಗಂಜಿ, ಮೇಲೊಂದು ಬಟ್ಟಲಲ್ಲಿ ಕಾಯಿ ಚಟ್ನಿ. ನನಗೆ ಜ್ವರ ಅಂತ ಯಾರೋ ಹೇಳಿರಬೇಕು ಅಂದುಕೊಂಡೆ. ಅವರು ಪಾತ್ರೆ ಕೆಳಗಿಟ್ಟು ನನ್ನನ್ನು ಅಪ್ಪಿಕೊಂಡರು.

"ಎಂತ ಮಾಡ್ಲಿಕ್ಕಾಗ್ತದೆ ಮಗಾ, ದೇವರು ಕರೆದ. ಒಳ್ಳೆ ಅಜ್ಜಿ. ಹೋದ ವರ್ಷ ಇಲ್ಲಿಗೆ ಬಂದಾಗ ನನಗೆ ಕೂದಲು ಬಾಚಿ ಕೊಟ್ಟಿದ್ರು. ಮನೆಯಲ್ಲಿ ಒಲೆ ಹಚ್ಚಿರ್ಲಿಕ್ಕಿಲ್ಲ ಅಂತ…"

ಅಷ್ಟರಲ್ಲಿ ನನ್ನ ಮುಖ ನೋಡಿದರು. ಅವರ ಕೈ ಸಡಿಲವಾಯಿತು.

"ಯಾ ಅಲ್ಲಾ. ಪಪ್ಪ ನಿನಗೆ ಹೇಳ್ಲಿಲ್ವಾ?"

ಊರಿನಿಂದ ಅವರ ಗಂಡನಿಗೆ ಯಾರೋ ಸುದ್ದಿ ಕಳಿಸಿದ್ದರಂತೆ. ಮಂಗಳವಾರ ಬೆಳಿಗ್ಗೆ, ನಿದ್ದೆಯಲ್ಲೇ. ಆಂಟಿ ನನ್ನ ಎರಡೂ ಕೈ ಹಿಡಿದು, "ನಾನು ಹೇಳಿದ್ದೂಂತ ಹೇಳ್ಬೇಡ ಮಗಾ, ನಿನ್ನ ಪರೀಕ್ಷೆ ಅಂತ ಅವ್ರು ತಡ್ಕೊಂಡಿರ್ಬೇಕು, ನಾನೊಂದು ಬುದ್ಧಿಗೆಟ್ಟವಳು," ಎಂದು ಅಳತೊಡಗಿದರು. ನಾನೇ ಅವರನ್ನು ಸಮಾಧಾನ ಮಾಡಿ ಕಳಿಸಿದೆ.

ಆಮೇಲೆ ನನಗೆ ಏನೂ ಆಗಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಗಂಜಿ ಬಿಸಿ ಇತ್ತು, ಕೂತು ಊಟ ಮಾಡಿದೆ. ಉಪ್ಪು ಕಡಿಮೆ ಇತ್ತು, ಹಾಕಿಕೊಂಡೆ. ಪಪ್ಪ ನೋಡಬಾರದಲ್ಲ ಎಂದು ಪಾತ್ರೆ ತೊಳೆದು ಎದುರು ಮನೆಗೆ ಕೊಟ್ಟು ಬಂದೆ. ವಾಪಸ್ ಬಂದು ಪುಸ್ತಕ ತೆರೆದೆ. ಅಳು ಬರುತ್ತದೆ ಎಂದು ಕಾದೆ, ಬರಲಿಲ್ಲ.

ಸಂಜೆ ಪಪ್ಪ ಬಂದರು. ಗಡ್ಡ ನೀಟಾಗಿ ಬೋಳಿಸಿತ್ತು. ಟ್ರಾಫಿಕ್ಕಿಗೆ ಬೈಯಲಿಲ್ಲ. "ಇವತ್ತು ಯಾವುದು ಮಾಡುವ ಮಗಾ?" ಎಂದು ಕೇಳಿದರು, ಎಷ್ಟು ಮೆತ್ತಗೆ ಎಂದರೆ ಆಂಟಿ ಹೇಳಿದ್ದು ಸುಳ್ಳಿರಬಹುದು ಎಂದು ನನಗಿದ್ದ ಸಣ್ಣ ಆಸೆಯೂ ಅಲ್ಲಿಗೆ ಖಲಾಸ್ ಆಯಿತು.

"ಅಜ್ಜಿ ಹೇಗಿದ್ದಾರೆ ಪಪ್ಪಾ?"

"ಹುಷಾರಾಗ್ತಾ ಉಂಟಂತೆ. ಮಲಗಿದ್ದಾರೆ. ಮಾತಾಡ್ಲಿಕ್ಕೆ ಈಗ ಬೇಡ."

"ಹೌದಾ," ಎಂದೆ.

ಅವತ್ತು ವರ್ಗ ಸಮೀಕರಣ. ಪಪ್ಪ ಕಾಗದದ ಮೇಲೆ a ಪ್ಲಸ್ b ಇದರ ವರ್ಗ ಎಂದು ಬರೆದು, a ವರ್ಗ ಪ್ಲಸ್ b ವರ್ಗ ಎಂದು ಬಿಡಿಸಿದರು. ನಡುವಿನ 2ab ಬಿಟ್ಟೇ ಹೋಯಿತು. ಏಳನೇ ಕ್ಲಾಸಿನ ಮಕ್ಕಳು ಮಾಡುವ ತಪ್ಪು. ನಾನು ಮಾಡಿದ್ದರೆ ಕಾರಿಡಾರ್ ಪೂರ್ತಿ ನಡುಗುತ್ತಿತ್ತು. ನೋಡಿಯೂ ತಿದ್ದಲಿಲ್ಲ. ಐದಾರು ಸಾಲು ಮುಂದೆ ಹೋದ ಮೇಲೆ ಉತ್ತರ ಕೂಡಿ ಬರಲಿಲ್ಲ. ಪಪ್ಪ ಕಾಗದವನ್ನು ತುಂಬಾ ಹೊತ್ತು ನೋಡಿದರು. "ತಪ್ಪಿತು," ಎಂದರು. ಆ ಮಾತು ಅವರ ಬಾಯಿಂದ ಅದುವರೆಗೆ ನಾನು ಕೇಳಿರಲಿಲ್ಲ.

ನನಗೆ ಆಗ ಬಂದದ್ದು ದುಃಖ ಅಲ್ಲ, ಸಿಟ್ಟು. ನಮ್ಮ ಕಡೆ ಒಂದು ಕ್ರಮ ಉಂಟು. ಗಲ್ಫಿನಲ್ಲಿ ಮಕ್ಕಳಿದ್ದ ಮನೆಯಲ್ಲಿ ಸಾವಾದರೆ ದೇಹವನ್ನು ಆಸ್ಪತ್ರೆಯ ಶವಾಗಾರದಲ್ಲಿ ಇಡುತ್ತಾರೆ; ಮಕ್ಕಳು ಬಂದ ಮೇಲೆಯೇ ಮಣ್ಣು. ಆದರೆ ಹಿರಿಯ ಮಗ ಇಲ್ಲೇ ಕೂತು ನನಗೆ ಲೆಕ್ಕ ಹೇಳಿಕೊಡುತ್ತಿದ್ದಾರೆ ಅಂದ ಮೇಲೆ ಅಲ್ಲಿ ಕಾಯುವುದು ಯಾರಿಗೆ? ಎಲ್ಲ ಮುಗಿಸಿಬಿಟ್ಟಿದ್ದಾರೆ ಎಂದುಕೊಂಡೆ. ಹೆತ್ತ ತಾಯಿಗೆ ಒಂದು ಹಿಡಿ ಮಣ್ಣು ಹಾಕಲಿಕ್ಕೂ ಹೋಗದೆ, ನನ್ನಂಥ ದಡ್ಡಿಯ ಪರೀಕ್ಷೆ ಅಂತ ಕೂತಿದ್ದಾರಲ್ಲ, ಎಂಥ ಮಗ ಇವರು! ಮುಗಿದು ಹೋದದ್ದಕ್ಕೆ ಈಗ ಬಾಯಿ ಬಿಟ್ಟು ಏನು ಪ್ರಯೋಜನ? ನಾನು ಬಾಯಿ ಬಿಟ್ಟರೆ ಪಪ್ಪ ಬಿಟ್ಟುಕೊಟ್ಟದ್ದೆಲ್ಲ ನೀರುಪಾಲು. ಭಾನುವಾರದ ತನಕ ಇವರಿಗಾಗಿ ಸುಮ್ಮನಿರುವ ಎಂದು ತೀರ್ಮಾನಿಸಿದೆ.

ಮಮ್ಮಿ ದಿನಾ ಫೋನ್ ಮಾಡುತ್ತಿದ್ದರು. ಸ್ವರ ಒಡೆದಿತ್ತು, ಶೀತ ಅಂದರು. "ಓದಿದ್ಯಾ?" "ಓದಿದೆ." "ಊಟ ಆಯ್ತಾ?" "ಆಯ್ತು." ಶುಕ್ರವಾರ ಮಾತ್ರ, "ಅಜ್ಜಿ ನಿನ್ನನ್ನು ಕೇಳಿದ್ರು ಮಗಾ," ಎಂದುಬಿಟ್ಟರು. ಫೋನನ್ನು ಗೋಡೆಗೆ ಬಿಸಾಡಬೇಕು ಅನಿಸಿತು. "ನಾನೂ ಕೇಳಿದೆ ಅಂತ ಹೇಳಿ," ಎಂದೆ. ಮಮ್ಮಿ, ನಾಳೆ ಮಾಡ್ತೇನೆ ಎಂದು ಫೋನ್ ಇಟ್ಟರು.

ಮತ್ತೊಂದು ಸಂಗತಿ ಹೇಳಲಿಕ್ಕೆ ಇವತ್ತಿಗೂ ಮುಜುಗರ. ಆ ದಿನಗಳಲ್ಲಿ ನನಗೆ ಗಣಿತ ಬಂತು. ಸುಮ್ಮನೆ ಬಂತು. ಹೆದರಿಕೆ ಇಲ್ಲ, ಆಸೆ ಇಲ್ಲ, ತಲೆ ಖಾಲಿ ಮಾಡಿಟ್ಟ ಕಪಾಟಿನ ಹಾಗೆ. ಪ್ರಶ್ನೆ ಓದಿದರೆ ಸೂತ್ರ ತಾನೇ ಬಂದು ನಿಲ್ಲುತ್ತಿತ್ತು. ಚೀಲದಿಂದ ಎರಡು ಚೆಂಡು ತೆಗೆಯುವ ಲೆಕ್ಕ, ವಾಪಸ್ ಹಾಕಿದರೆ ಎಷ್ಟು, ಹಾಕದಿದ್ದರೆ ಎಷ್ಟು. ಜೀವಮಾನವಿಡೀ ಗೊಂದಲ ಆಗಿದ್ದದ್ದು ಒಂದು ಸಂಜೆಯಲ್ಲಿ ನೀರು ಕುಡಿದಷ್ಟು ಸಲೀಸಾಯಿತು. ಎಸಿಯ ಸದ್ದು, ಪೆನ್ನಿನ ಸದ್ದು, ಅಷ್ಟೇ. "ಸರಿ ಉಂಟು," ಎನ್ನುತ್ತಿದ್ದರು ಪಪ್ಪ. "ಇದೂ ಸರಿ ಉಂಟು." ಖುಷಿಪಡಲಿಕ್ಕೂ ಅವರಲ್ಲಿ ತ್ರಾಣ ಇರಲಿಲ್ಲ.

ಭಾನುವಾರ ಪೇಪರ್ ಸುಲಭವಾಗಿತ್ತು. ಅಕ್ಕಪಕ್ಕದ ಹುಡುಗಿಯರು ಬೆವರು ಒರೆಸಿಕೊಳ್ಳುತ್ತಿದ್ದರೆ ನಾನು ಎಲ್ಲ ಬರೆದು, ಇನ್ನೊಮ್ಮೆ ನೋಡಿ, ಕೈಕಟ್ಟಿ ಕೂತೆ. ಹೊರಗೆ ಬಿಸಿಲಿನಲ್ಲಿ ಅಪ್ಪಂದಿರು ಮಕ್ಕಳನ್ನು ಹಿಡಿದು ನಿಲ್ಲಿಸಿ ಎಷ್ಟು ಬಿಟ್ಟೆ, ಯಾವುದು ಬಿಟ್ಟೆ ಎಂದು ವಿಚಾರಣೆ ಮಾಡುತ್ತಿದ್ದರು. ಪಪ್ಪ ಏನೂ ಕೇಳಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಎರಡು ಸೂಟ್‌ಕೇಸ್ ಇದ್ದವು.

"ಬೆಲ್ಟ್ ಹಾಕು," ಎಂದರು. ಏರ್‌ಪೋರ್ಟಿನ ದಾರಿ ಹಿಡಿದರು. ಮಿರ್ದಿಫ್ ಹತ್ತಿರ ಬಂದಾಗ ರಸ್ತೆ ನೋಡುತ್ತಲೇ ಹೇಳಿದರು, "ಮಗಾ, ಅಜ್ಜಿ ಮಂಗಳವಾರ ಹೋದ್ರು."

"ಹ್ಞೂ."

"ನಾಳೆ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ. ಆಮೇಲೆ ಮಣ್ಣು."

"ನಾಳೆಯಾ?" ನಾನು ಪಪ್ಪನ ಕಡೆ ತಿರುಗಿದೆ. "ಇನ್ನೂ ಆಗ್ಲಿಲ್ವಾ?"

"ನಿನ್ನನ್ನು ಬಿಟ್ಟು ಹೇಗೆ ಮಾಡುದು? ನಿನ್ನನ್ನು ಸಾಕಿದವರಲ್ವಾ. ಮಾರ್ಚರಿಯಲ್ಲಿ ಇಟ್ಟಿದ್ದಾರೆ. ಪರೀಕ್ಷೆ ಮುಗಿಸಿಯೇ ಕರ್ಕೊಂಡು ಬರ್ತೇನೆ ಅಂತ ನಾನೇ ಹೇಳಿದ್ದು."

ಅಂದರೆ ಆ ವಾರವಿಡೀ ಅವಳು ಅಲ್ಲಿ ಮಲಗಿದ್ದಳು. ನಾನು ಚೆಂಡು ತೆಗೆದು ವಾಪಸ್ ಹಾಕುತ್ತಿದ್ದಾಗ, ಛೇದ ತೆಗೆಯುತ್ತಿದ್ದಾಗ, ಪಪ್ಪ ಸರಿ ಉಂಟು, ಇದೂ ಸರಿ ಉಂಟು ಎನ್ನುತ್ತಿದ್ದಾಗ, ನನಗೋಸ್ಕರ, ಆ ಥಂಡಿಯಲ್ಲಿ. ಫ್ಯಾನ್ ಜೋರಾದರೂ ಶಾಲು ಹೊದೆಯುವ ಹೆಂಗಸು ಅವಳು.

"ಪಪ್ಪಾ, ನನಗೆ ಬುಧವಾರವೇ ಗೊತ್ತಿತ್ತು."

ಕಾರು ರಸ್ತೆಯ ಬದಿಗೆ ಸರಿದು ನಿಂತಿತು. ಪಪ್ಪ ನನ್ನ ಕಡೆ ತಿರುಗಿ, ಆ ವಾರದಲ್ಲಿ ಮೊದಲ ಬಾರಿ ಕೂಗಿದರು. ಕನ್ನಡದಲ್ಲಿ.

"ಗೊತ್ತಿದ್ರೆ ಹೇಳ್ಲಿಕ್ಕೆ ಎಂತ ಧಾಡಿ ನಿನಗೆ? ಬಾಯಿ ಇಲ್ವಾ? ಗುರುವಾರವೇ ಹೋಗ್ಬಹುದಿತ್ತಲ್ಲಾ! ಅಲ್ಲಿ ಅಮ್ಮ… ಅಮ್ಮನನ್ನು ನಾನು…"

"ನೀವು ಯಾಕೆ ಹೇಳ್ಲಿಲ್ಲ?" ನಾನೂ ಕೂಗಿದೆ.

"ಹೇಳಿದ್ರೆ ನೀನು ಪರೀಕ್ಷೆ ಬರೀತಿದ್ಯಾ?"

"ಇಲ್ಲ!"

"ಮತ್ತೆ?"

ಪಪ್ಪ ಸ್ಟಿಯರಿಂಗಿಗೆ ಹಣೆ ಇಟ್ಟು ಅತ್ತರು. ಅಜ್ಜಿ ಅಂತ ಹೇಳುತ್ತಾ ಬಂದವರು ಈಗ ಅಮ್ಮಾ ಅಮ್ಮಾ ಎನ್ನುತ್ತಿದ್ದರು. ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ. ನನಗೆ ಆಗಲೂ ಅಳು ಬರಲಿಲ್ಲ.

ಮಾರನೇ ದಿನ ಇಗರ್ಜಿಯಲ್ಲಿ ಊರೇ ಇತ್ತು. ಪೆಟ್ಟಿಗೆಯ ಸುತ್ತ ಕೂತಿದ್ದ ಹೆಂಗಸರು ಪಪ್ಪನನ್ನು ಬಿಡಲಿಲ್ಲ. "ಇಷ್ಟು ದಿನ ಇಡ್ತಾರಾ ತಾಯಿಯನ್ನು? ಎಂತ ಆಯ್ತು ನಿನಗೆ?"

"ರಜೆ ಸಿಗ್ಲಿಲ್ಲ," ಎಂದರು ಪಪ್ಪ.

ರಜೆ ಮಂಗಳವಾರವೇ ಸಿಕ್ಕಿತ್ತು. ವಿಮಾನದಲ್ಲಿ ನನಗೆ ಹೇಳಿದ್ದರು.

"ಎಂಥ ಕಂಪನಿ ಅದು! ತಾಯಿ ಸತ್ತರೂ ಬಿಡುದಿಲ್ವಾ? ಅವ್ರಿಗೆ ತಾಯಿ ಇಲ್ವಾ?" ಎಂದು ಹೆಂಗಸರು ಆ ಕಂಪನಿಯ ಏಳು ಜನ್ಮ ಜಾಲಾಡಿದರು. ಪಪ್ಪ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಅವರಲ್ಲೊಬ್ಬರು, ಅಜ್ಜಿಯ ಗೆಳತಿ, ನನ್ನ ಗಲ್ಲ ಹಿಡಿದು ಕೇಳಿದರು, "ನೀನಾದ್ರೂ ಮೊದ್ಲೇ ಬರ್ಬಹುದಿತ್ತಲ್ವಾ ಮಗಾ? ಸಾಕಿದ ಅಜ್ಜಿ."

ಪಪ್ಪ ನನ್ನನ್ನು ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದರು, ಬೇಡ ಎನ್ನುವ ಹಾಗೆ.

"ಪಪ್ಪನಿಗೆ ರಜೆ ಸಿಗ್ಲಿಲ್ಲ," ಎಂದೆ.

ಕೊನೆಗೆ ಮುತ್ತು ಕೊಡಲು ಸಾಲು ನಿಂತೆವು. ನನ್ನ ಸರದಿ ಬಂದಾಗ ಬಗ್ಗಿ ಅಜ್ಜಿಯ ಹಣೆಗೆ ತುಟಿ ಇಟ್ಟೆ. ಹಣೆ ಇನ್ನೂ ಥಂಡಿ ಇತ್ತು, ಆಗ ನನ್ನ ಅಳು ಒಡೆಯಿತು. ಪರೀಕ್ಷೆ ಮುಗಿಸಿಯೇ ಬಂದೆ ಅಜ್ಜಿ, ಪೇಪರ್ ಸುಲಭ ಇತ್ತು ಎಂದು ಅವಳ ಕಿವಿಯ ಹತ್ತಿರ ಹೇಳಿದೆ. ಇನ್ನೂ ಹೇಳಲಿಕ್ಕಿತ್ತು. ಹಿಂದೆ ನಿಂತವರು ನನ್ನ ಭುಜ ಹಿಡಿದು ಮೆಲ್ಲಗೆ ಸರಿಸಿದರು. ಇಷ್ಟು ದಿನ ಇಟ್ಟದ್ದಲ್ವಾ ಮಗಾ, ಇನ್ನು ತಡ ಮಾಡ್ಬಾರದು ಅಂದರು.