ಈರಣ್ಣನವರ ಹೆಸರ

ಮೊನ್ನೆ ಮುನವಳ್ಳಿಯ ಮದುವೆಯಿಂದ ಬಂದು ಉಡಿಯ ಗಂಟು ಬಿಚ್ಚಿದೆ. ಅರಿಷಿಣ, ಒಣಕೊಬ್ಬರಿಯ ವಾಸನೆ ಮೂಗಿಗೆ ಹತ್ತಿದ್ದೇ ತಡ, ಪಕ್ಕದ ಮನೆಯ ಕಾಕು ನೆನಪಾದರು. ಯಾವ ಮದುವೆಯಿಂದ ಬಂದರೂ ನನ್ನ ಉಡಿಯ ಕೊಬ್ಬರಿಯಲ್ಲಿ ಅರ್ಧ ಅವರದೇ. ಗಂಡ ಹೋದ ಮೇಲೆ ಅವರಿಗೆ ಯಾರೂ ಉಡಿ ತುಂಬುತ್ತಿರಲಿಲ್ಲ, ಹೊಸ್ತಿಲಲ್ಲಿ ತಡೆದು ಒಡಪು ಹೇಳಿಸುತ್ತಲೂ ಇರಲಿಲ್ಲ. ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವುದು ಮುತ್ತೈದೆಯರ ಆಟವಲ್ಲವೇ... ಒಂದು ಕಾಲಕ್ಕೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ಆ ಆಟಕ್ಕೆ ಕಾಕುವನ್ನು ಮೀರಿಸಿದವರಿರಲಿಲ್ಲವಂತೆ.

ಈಚಿನ ವರ್ಷಗಳಲ್ಲಿ ನನಗೆ ಫೋನಿನಲ್ಲಿ ಒಡಪುಗಳದೇ ಒಂದು ಹರಟೆಕಟ್ಟೆಯ ಹುಚ್ಚು ಹಿಡಿದಿತ್ತು. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. 'ಹೊಸ್ತಿಲು' ಎಂದು ಕರೆದುಕೊಳ್ಳುವವರೊಬ್ಬರು, ಯಾವ ಗಂಡನ ಹೆಸರು ಕೊಟ್ಟರೂ ಚಹಾ ಕುದಿಯುವುದರೊಳಗೆ ಒಡಪು ಕಟ್ಟಿ ಹಾಕುತ್ತಿದ್ದರು. ಈರಣ್ಣ ಎಂಬ ಹೆಸರಿಗೆ ಮಾತ್ರ ಉತ್ತರವೇ ಇಲ್ಲ. ನಮ್ಮ ಕಡೆ ಓಣಿಗೊಬ್ಬ ಈರಣ್ಣ ಇದ್ದೇ ಇರುತ್ತಾನೆ, ಕೇಳುವವರಿಗೇನು ಬರವೇ? ಕಾಕುವಿನ ಗಂಡನ ಹೆಸರೂ ಈರಣ್ಣ. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಫೋನು ಒತ್ತುತ್ತಿದ್ದ ಕಾಕು, ನಾನು ಹೋದರೆ ಅದನ್ನು ಸೆರಗಿನೊಳಗೆ ಸರಿಸುತ್ತಿದ್ದರು. ಸುಳ್ಳೇಕೆ ಹೇಳಲಿ, ಎರಡಕ್ಕೆರಡು ಕೂಡಿಸಿ ನಾನೇ ತೀರ್ಪು ಕೊಟ್ಟುಬಿಟ್ಟೆ.

ಒಂದು ದಿನ ತಡೆಯಲಾರದೆ ಕೇಳಿದೆ. "ಕಾಕು, ಆ ಹೊಸ್ತಿಲು ನೀವ ಹೌದಲ್ರಿ?"

ಅವರು ಕೊಬ್ಬರಿ ಮುರಿಯುತ್ತ, "ಅಲ್ಲೆ ಯಾರೂ ಹೆಸರ ಕೇಳಂಗಿಲ್ಲವ್ವಾ. ಅದಕ್ಕ ಮಂದಿ ಅಲ್ಲಿ ಬರತಾರ" ಎಂದರು.

ಹೌದೆಂದರೋ, ಅಲ್ಲವೆಂದರೋ... ಇವತ್ತಿಗೂ ಬಗೆಹರಿದಿಲ್ಲ.

ಹೋದ ಚಳಿಗಾಲ ಕಾಕು ತೀರಿಕೊಂಡರು. ಹೊಸ್ತಿಲೂ ಸುಮ್ಮನಾಯಿತು. ಅತ್ತೂ ಅತ್ತು, ಕೊನೆಗೆ ನನ್ನ ಊಹೆ ನಿಜವಾಯಿತಲ್ಲ ಎಂದು ಒಳಗೊಳಗೇ ಸಮಾಧಾನವನ್ನೂ ಪಟ್ಟೆ. ಆದರೆ ಮೊನ್ನೆ ಮದುವೆಗೆ ಹೊರಟ ದಿನ ಅದೇ ಹೊಸ್ತಿಲಿನಿಂದ ಒಂದು ಒಡಪು ಬಂತು.

"ಜ್ವಾಳದ ಹೊಲದಾಗ ಗುಬ್ಬಿಗಿ ಎಂದೂ ಇಲ್ಲ ಬ್ಯಾಸರ,
ಕೇಳವರು ಇಲ್ಲಂದ್ರೂ ಹೇಳತೇನಿ ಈರಣ್ಣನವರ ಹೆಸರ."

ಪಕ್ಕದ ಮನೆಗೆ ಓಡಿದೆ. ಕಾಕುವಿನ ಫೋನು ಕಪಾಟಿನಲ್ಲಿದೆ, ಯಾರೂ ಮುಟ್ಟಿಲ್ಲ ಎಂದು ಅವರ ಸೊಸೆ ಹೇಳಿದಳು. ಹಾಗಾದರೆ ಹೊಸ್ತಿಲು ಇನ್ನಾವುದೋ ಊರಿನ, ಇನ್ನೊಬ್ಬ ಈರಣ್ಣನ ಹೆಂಡತಿಯೇ? ಕಾಕು ಬರೀ ಮೊಮ್ಮಕ್ಕಳ ಫೋಟೊ ನೋಡುತ್ತಿದ್ದರೇ? ಆದರೆ ಆ ಎರಡನೆಯ ಸಾಲು ಓದುವಾಗ ನನಗೆ ಕೇಳಿಸಿದ್ದು ಕಾಕುವಿನ ದನಿ...

"ಯಾರ್ರಿ ನೀವು?" ಎಂದು ಬರೆದೆ. ಕಳಿಸದೆ ಅಳಿಸಿದೆ. ಬೇರೆ ಯಾರದೋ ಹೆಸರು ಬಂದರೆ ಕಾಕುವನ್ನು ಇನ್ನೊಮ್ಮೆ ಕಳೆದುಕೊಳ್ಳಬೇಕು, ಅದು ನನ್ನಿಂದಾಗದು. ರೂಢಿಯ ಕೈ, ಕೊಬ್ಬರಿಯನ್ನು ಎರಡು ಹೋಳು ಮಾಡಿಬಿಟ್ಟಿದೆ. ಅರ್ಧ ಯಾರಿಗೆ ಕೊಡಲಿ, ತಿಳಿಯುತ್ತಿಲ್ಲ.