ಹದಿನಾರು ಮಗ್ಗಗಳ ಎದುರು ರಾಮಾಂಜಿನಪ್ಪ ಮೇಷ್ಟ್ರು

ಸಾಸಲಿನ ರಾಮಾಂಜಿನಪ್ಪ ಮೇಷ್ಟ್ರಿಗೆ ದೇವರು ಕೊಟ್ಟ ಆಸ್ತಿ ಎಂದರೆ ಗಂಟಲು. ಊರಿನ ಪೌರಾಣಿಕ ನಾಟಕದಲ್ಲಿ ಅವರು ಇಪ್ಪತ್ತೆರಡು ವರ್ಷ ಭೀಮನ ಪಾತ್ರ ಮಾಡಿದರು. ಅವರ ಪ್ರವೇಶ ಬಂತೆಂದರೆ ಮೈಕಿನವನು ಮೈಕು ಆರಿಸಿ ಬೀಡಿ ಸೇದಲು ಹೋಗುತ್ತಿದ್ದ.

ಈ ಗಂಟಲನ್ನು ನಂಬಿಕೊಂಡೇ ಅವರು ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರ ಸರ್ಕಾರಿ ಶಾಲೆಗೆ ತಾವಾಗಿ ವರ್ಗ ಕೇಳಿ ಬಂದರು. ಬೇರೆ ಯಾರೂ ಅಲ್ಲಿಗೆ ಬರುತ್ತಿರಲಿಲ್ಲ. ಶಾಲೆಗೂ ಪಿಳ್ಳಪ್ಪನವರ ಮಗ್ಗದ ಮನೆಗೂ ನಡುವೆ ಇದ್ದದ್ದು ಒಂದು ಓಣಿ ಮಾತ್ರ. ಒಳಗೆ ಹದಿನಾರು ವಿದ್ಯುತ್ ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಮೇಷ್ಟ್ರು ಮೊದಲ ದಿನವೇ ಯುದ್ಧ ಸಾರಿದರು. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಭೀಮ ಬಿದ್ದಿದ್ದ. ಸಂಜೆ ಮನೆಯಲ್ಲಿ ಮೆಣಸಿನ ಕಷಾಯ ಕುಡಿಯುತ್ತಾ ಹೆಂಡತಿ ರುಕ್ಮಿಣಮ್ಮನಿಗೆ ಕೈಸನ್ನೆಯಲ್ಲೇ ವರದಿ ಒಪ್ಪಿಸಿದರು. ಆ ಮನೆಯಲ್ಲಿ ಅಷ್ಟು ನೆಮ್ಮದಿಯ ಸಂಜೆ ಹಿಂದೆಂದೂ ಇರಲಿಲ್ಲವೆಂದು ಆಕೆ ಆಮೇಲೆ ಹೇಳಿದ್ದುಂಟು.

ತರಗತಿಯಲ್ಲಿ ಇಪ್ಪತ್ತಮೂರು ಮಕ್ಕಳಿದ್ದರು. ಹಿಂದೂಪುರದ ಕಡೆಯ ತೆಲುಗಿನವರು, ಆಂಬೂರಿನ ತಮಿಳಿನವರು, ಉರ್ದುವಿನವರು, ಬಿಹಾರದಿಂದ ಮಗ್ಗಕ್ಕೆ ಬಂದವರ ಮಕ್ಕಳು, ಮಿಕ್ಕವರು ಕನ್ನಡದವರು. ಮೇಷ್ಟ್ರು ಎಲ್ಲರಿಗೂ ಸಮಾನವಾಗಿ ಕನ್ನಡದಲ್ಲಿ ಕೂಗಿದರು. ಎಲ್ಲರಿಗೂ ಸಮಾನವಾಗಿ ಏನೂ ಕೇಳಿಸಲಿಲ್ಲ.

ಮುಂದಿನ ಸಾಲಿನಲ್ಲಿ ಸುನೈನಾ ಎಂಬ ಬಿಹಾರದ ಹುಡುಗಿ ಕೂರುತ್ತಿದ್ದಳು. ಎರಡು ತಿಂಗಳಾದರೂ ಆಕೆ ಒಂದು ಮಾತಾಡಲಿಲ್ಲ. ಮೇಷ್ಟ್ರು ಪಾಠ ಶುರು ಮಾಡಿದರೆ ಎರಡು ಬೆರಳೆತ್ತಿ ಕತ್ತರಿಯಂತೆ ಕೂಡಿಸುವುದು, ಆಮೇಲೆ ಅಂಗೈಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸುವುದು, ಇಷ್ಟೇ. ಆಷಾಢದಲ್ಲಿ ಮೇಲಿನಿಂದ ವಿಶೇಷ ಮಕ್ಕಳ ಪಟ್ಟಿ ಕೇಳಿದಾಗ ಮೇಷ್ಟ್ರು ಕರ್ತವ್ಯನಿಷ್ಠೆಯಿಂದ ಬರೆದರು: 'ಸುನೈನಾ, ಎಂಟು ವರ್ಷ. ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ. ಕೈ ತಾನಾಗಿ ಆಡುತ್ತದೆ.'

ಪಟ್ಟಿ ಹೋದ ಮಾರನೆಯ ವಾರ, ಬಿಸಿಯೂಟದ ಮುನಿತಾಯಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಡುಗೆಗೆ ಬರುವ ಮೊದಲು ಇಪ್ಪತ್ತು ವರ್ಷ ಮಗ್ಗ ಓಡಿಸಿದ್ದವಳು. ಪಾಠ ನೋಡುತ್ತಾ ನೋಡುತ್ತಾ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

"ಯಾಕಮ್ಮಾ ನಗ್ತೀಯ?"

"ಏನಿಲ್ಲ ಬಿಡಿ ಸಾ. ಆ ಮಗು ನಿಮ್ಗೆ ದಿನಾ ಹೇಳ್ತಾನೇ ಐತೆ, ನೀವು ಕಿವಿಗೆ ಹಾಕ್ಕೊಳ್ತಿಲ್ಲ."

"ಅದು ಮಾತೇ ಆಡಲ್ವಲ್ಲ!"

"ಹದಿನಾರು ಮಗ್ಗದ ಮಧ್ಯೆ ಬಾಯಲ್ಲಿ ಯಾರ್ ಸಾ ಮಾತಾಡ್ತಾರೆ? ಕೈಯಲ್ಲೇ ಎಲ್ಲಾ. ಎರಡು ಬೆರಳು ಕತ್ತರಿ ಮಾಡಿದ್ರೆ 'ಎಳೆ ಕಿತ್ತೋಗೈತೆ'. ಅಂಗೈ ಅತ್ತಿತ್ತ ಆಡ್ಸಿದ್ರೆ 'ಮಗ್ಗ ಸುಮ್ಸುಮ್ನೆ ಓಡ್ತೈತೆ, ನಿಲ್ಸು'."

ಮೇಷ್ಟ್ರು ಕುರ್ಚಿಯಲ್ಲಿ ಕುಳಿತರು. ಎರಡು ತಿಂಗಳಿಂದ ಒಂದು ಮಗು ತಮ್ಮ ಪಾಠದ ಬಗ್ಗೆ ಕೊಡುತ್ತಿದ್ದ ಅಭಿಪ್ರಾಯ ಅದು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಅಂದಿನಿಂದ ಶಾಲೆಯಲ್ಲಿ ಹೊಸ ಕಾನೂನು ಬಂತು: ಪಾಠ ತಿಳಿಯದಿದ್ದರೆ ಯಾರು ಬೇಕಾದರೂ ಎಳೆ ಕಿತ್ತ ಸನ್ನೆ ಮಾಡಬಹುದು, ಮೇಷ್ಟ್ರು ನಿಲ್ಲಿಸಲೇಬೇಕು. ಮೊದಲ ದಿನ ಅವರು "ಮಕ್ಕಳೇ" ಎನ್ನುವಷ್ಟರಲ್ಲಿ ಇಪ್ಪತ್ತಮೂರು ಜೊತೆ ಬೆರಳುಗಳು ಎದ್ದವು. ಓಣಿಯ ಮಕ್ಕಳಿಗೆಲ್ಲ ಈ ಭಾಷೆ ಬರುತ್ತಿತ್ತು, ಬಾರದಿದ್ದವರು ಮೇಷ್ಟ್ರೊಬ್ಬರೇ. ಅವರು ಮುನಿತಾಯಮ್ಮನ ಹತ್ತಿರ ಕಲಿತರು. ಕೂಗುವುದು ಬಿಟ್ಟು ಮಕ್ಕಳ ಮಧ್ಯೆ ಚಾಪೆಯ ಮೇಲೆ ಕುಳಿತರು. ಕಿತ್ತ ಎಳೆಯನ್ನು, ಅಂದರೆ ತಿಳಿಯದ ಪಾಠವನ್ನು, ತಿಳಿದ ಮಗುವಿನ ಕೈಲೇ ಗಂಟು ಹಾಕಿಸಿದರು. ತೆಲುಗಿನವನು ತೆಲುಗಿನವಳಿಗೆ, ಹಿಂದಿಯವಳು ಹಿಂದಿಯವನಿಗೆ ಬಿಡಿಸಿ ಹೇಳಬೇಕು. ಕಾಗೆಯ ಚಿತ್ರದ ಕೆಳಗೆ ಕಾಕಿ, ಕಾಕ್ಕಾ, ಕೌವಾ ಎಂದು ಮಕ್ಕಳು ಹೇಳಿದ್ದನ್ನೆಲ್ಲ ಬರೆದರು. ಸುನೈನಾ ಬಾಯಿಬಿಟ್ಟಳು. ಕರೆಂಟು ಹೋದಾಗ ಮಾತ್ರ. ಆದರೆ ಆಗ ಬೇರೆಯವರಿಗೆ ಅವಕಾಶವಿರುತ್ತಿರಲಿಲ್ಲ.

ಮೇಷ್ಟ್ರು ಮರೆತಿದ್ದ ಆ ಪಟ್ಟಿ ಮಾತ್ರ ಕಚೇರಿಗಳಲ್ಲಿ ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು. ದಸರಾ ರಜೆ ಮುಗಿದ ಮೇಲೆ ಉತ್ತರ ಬಂತು: ಅಧಿಕಾರಿ ಬಂದು ಪರೀಕ್ಷಿಸುತ್ತಾರೆ, ಬರೆದದ್ದು ನಿಜವಾದರೆ ಮಗುವನ್ನು ದೂರದ ವಸತಿ ಶಾಲೆಗೆ ಕಳಿಸಲಾಗುತ್ತದೆ. ಪಿಳ್ಳಪ್ಪನವರ ಮಗ್ಗದಲ್ಲೇ ದುಡಿಯುತ್ತಿದ್ದ ಸುನೈನಾಳ ತಾಯಿ ಅರೆಬರೆ ಕನ್ನಡದಲ್ಲಿ ಖಡಾಖಂಡಿತವಾಗಿ ಹೇಳಿದಳು, "ದೂರ ಭೇಜೋದು ಇಲ್ಲ ಸಾರ್. ಇಸ್ಕೂಲ್ ಬೇಡ. ಮಗ್ಗದಲ್ಲಿ ಎಳೆ ಕಟ್ತಾಳೆ."

ಮೇಷ್ಟ್ರು ಪಿಳ್ಳಪ್ಪನವರ ಬಳಿಗೆ ಸಂಧಾನಕ್ಕೆ ಹೋದರು.

"ಪರೀಕ್ಷೆ ದಿನ ಹತ್ತು ನಿಮಿಷ ಮಗ್ಗ ನಿಲ್ಸಿ ಪಿಳ್ಳಪ್ಪನೋರೇ. ಒಂದು ಮಗುವಿನ ಭವಿಷ್ಯ."

"ಮೇಷ್ಟ್ರೇ, ನಿಮ್ಮ ಗಂಟ್ಲು ನಿಂತಾಗ ನಾನೇನಾದ್ರೂ ಕೇಳ್ದೆನಾ? ನನ್ನ ಮಗ್ಗ ಯಾಕ್ ಕೇಳ್ತೀರಿ?"

ಸಂಧಾನ ಮುರಿದುಬಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಮೇಷ್ಟ್ರು ಕರೆಂಟು ಹೋಗಲೆಂದು ದೇವರಿಗೆ ಕೈಮುಗಿದರು. ಮಗ್ಗದ ಬೀದಿಯಲ್ಲಿ ಅಂಥ ಪ್ರಾರ್ಥನೆ ಅದೇ ಮೊದಲಿರಬೇಕು. ಅಂದು ಕರೆಂಟು ಕಣ್ಣೂ ಮಿಟುಕಿಸಲಿಲ್ಲ.

ಅಧಿಕಾರಿ ಮಮತ ಮೇಡಂ ಬಂದು ಸುನೈನಾಳ ಮುಂದೆ ಕುಳಿತರು. ಮಗು ತುಟಿ ನೋಡಿ ತಿಳಿಯದಿರಲೆಂದು ಮುಖಕ್ಕೆ ಫೈಲು ಅಡ್ಡ ಹಿಡಿದು ಏನೋ ಕೇಳಿದರು. ಪಕ್ಕದಲ್ಲಿದ್ದ ಮೇಷ್ಟ್ರಿಗೂ ಕೇಳಿಸಲಿಲ್ಲ. ಸುನೈನಾ ಎರಡು ಬೆರಳೆತ್ತಿ ಕತ್ತರಿಸಿದಳು. ಮೇಡಂ ಬರೆದುಕೊಂಡರು.

ಮೇಷ್ಟ್ರು ಅವರ ಕಿವಿಯ ಹತ್ತಿರ ಬಾಗಿದರು. "ಮೇಡಂ, ಅದು ಕಾಯಿಲೆ ಅಲ್ಲ, ಪ್ರಶ್ನೆ ಕೇಳಿಸಿಲ್ಲ ಅಂತ ಅರ್ಥ!"

"ಕೈ ತಾನಾಗಿ ಆಡುತ್ತೆ ಅಂತ ನೀವೇ ಬರ್ದಿದ್ದೀರಲ್ಲ ಸರ್?" ಎಂದು ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

ಆ ಮುಚ್ಚಳವನ್ನು ಸುನೈನಾ ನೋಡಿದಳು. ಎದ್ದು ಕಿಟಕಿಗೆ ಹೋದಳು. ಓಣಿಯ ಆಚೆ, ಮಗ್ಗದ ಮನೆಯ ಕಿಟಕಿಯಲ್ಲಿ ಅವಳ ತಾಯಿ ಕಾಣುತ್ತಿದ್ದಳು. ಸುನೈನಾ ಅಂಗೈಯನ್ನು ಅತ್ತಿತ್ತ ಆಡಿಸಿ ಮುಷ್ಟಿ ಬಿಗಿದಳು. ತಾಯಿ ತನ್ನ ನಾಲ್ಕು ಮಗ್ಗ ನಿಲ್ಲಿಸಿ ಪಕ್ಕದವಳಿಗೆ ಅದೇ ಸನ್ನೆ ಮಾಡಿದಳು, ಅವಳು ಆಚೆಯವನಿಗೆ. ಏನು, ಏಕೆ ಎಂದು ಯಾರೂ ಕೇಳಲಿಲ್ಲ; ಮಗ್ಗದವರು ಆ ಸನ್ನೆ ಕಂಡರೆ ಮೊದಲು ನಿಲ್ಲಿಸಿ ಆಮೇಲೆ ಕಾರಣ ಹುಡುಕುತ್ತಾರೆ. ಹದಿನಾರೂ ನಿಂತವು. ಓಣಿಯಲ್ಲಿ ಕೋಳಿಯೊಂದು ಕೆದಕುವ ಸದ್ದು ಕೇಳಿಸಿತು.

"ಮೇಡಂ, ನಿಮ್ದು ಎಳೆ ಕಿತ್ತೋಗಿತ್ತು. ಈಗ ಹೇಳಿ" ಎಂದಳು ಸುನೈನಾ.

ಮೇಡಂ ಫೈಲು ಕೆಳಗಿಳಿಸಿ ಕಾಗೆಯ ಚಿತ್ರ ತೋರಿಸಿದರು.

"ಕಾಗೆ. ನಂಗೆ ಕೌವಾ. ಇವ್ನಿಗೆ ಕಾಕಿ. ನಮ್ ಕ್ಲಾಸಿಗೆ ಬರೋ ಕಾಗೆ ಮುನಿತಾಯಕ್ಕನ ಮೊಟ್ಟೆ ಕದ್ಬಿಡ್ತು. ಅಕ್ಕ ಬೈದ್ರು. ಏನ್ ಬೈದ್ರು ಅಂದ್ರೆ..."

"ಸಾಕು, ಸಾಕು ಕಣಮ್ಮಾ" ಎಂದರು ಮೇಷ್ಟ್ರು.

ಅಷ್ಟರಲ್ಲಿ ಓಣಿಯಲ್ಲಿ ಪಿಳ್ಳಪ್ಪನವರ ಚಪ್ಪಲಿ ಸದ್ದಾಯಿತು. "ಯಾವೋನ್ಲಾ ಮಗ್ಗ ನಿಲ್ಸಿದ್ದು?" ಇಪ್ಪತ್ತಮೂರು ಮಕ್ಕಳೂ ಒಟ್ಟಿಗೆ ಹೊಟ್ಟೆಯ ಮೇಲೆ ದೊಡ್ಡದೊಂದು ವೃತ್ತ ಬರೆದು, ತಲೆ ಬಗ್ಗಿಸಿ ಸ್ಲೇಟು ಹಿಡಿದರು. ಮಾಲೀಕರು ಬರುತ್ತಿದ್ದಾರೆ ಎಂಬ ಸನ್ನೆ ಅದು. ಶಾಲೆಯ ಶಿಸ್ತನ್ನು ಮೇಡಂ ಬಹಳ ಮೆಚ್ಚಿಕೊಂಡರು.

ಮಗ್ಗಗಳು ಮತ್ತೆ ಒಂದೊಂದಾಗಿ ಶುರುವಾದವು. ಮೇಡಂ ಪಟ್ಟಿಯಲ್ಲಿ ಸುನೈನಾಳ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದ ಖಾಲಿ ಜಾಗ ತೋರಿಸಿದರು. "ಕಾರಣ ಬರೀಬೇಕು ಸರ್. ಏನಂತ ಬರೀಲಿ?"

ರಾಮಾಂಜಿನಪ್ಪ ಮೇಷ್ಟ್ರು ಭೀಮನ ಗಂಟಲನ್ನೆಲ್ಲ ಒಟ್ಟುಗೂಡಿಸಿ, ಹದಿನಾರು ಮಗ್ಗಗಳ ಮೇಲೆ ಕೂಗಿದರು:

"ಮೇಷ್ಟ್ರಿಗೆ ಕಿವಿ ಕೇಳಿಸ್ತಿರಲಿಲ್ಲ ಅಂತ ಬರೀರಿ ಮೇಡಂ!"

ಮೇಡಂ ಎರಡು ಬೆರಳೆತ್ತಿ, ಕತ್ತರಿಯಂತೆ ಕೂಡಿಸಿದರು.